ದೊಡ್ಡವ್ವನ ಬಾಯಿಬೀಗ

ನಮ್ಮ ದೊಡ್ಡವ್ವ ನಮ್ಮೂರು ಶೀಳನೆರೆಯ ಬೀದಿಯ ಆ ತುದಿಯಲ್ಲಿ ಮಾತು ಶುರು ಮಾಡಿದರೆ ಈ ತುದಿಯ ಮನೆಯವರು ಕಾಫಿಗೆ ಇನ್ನೊಂದು ಲೋಟ ನೀರು ಹೆಚ್ಚಿಗೆ ಇಡುತ್ತಿದ್ದರು. ಅವಳಿಗಿಂತ ಮುಂಚೆ ಅವಳ ಮಾತು ಬರುತ್ತಿತ್ತು. ಉಗುಳು ನುಂಗಲೂ ಪುರಸೊತ್ತಿಲ್ಲದಂತೆ ಮಾತಾಡುವ ಹೆಂಗಸರನ್ನು ನಾನು ಪಾಠ ಹೇಳಿದ ಊರುಗಳಲ್ಲೆಲ್ಲ ಕಂಡಿದ್ದೇನೆ. ನಾನೇನು ಕಡಿಮೆಯಲ್ಲ, ನನ್ನ ಶಾಲೆಯ ಮಕ್ಕಳನ್ನು ಕೇಳಿ ನೋಡಿ. ಆದರೂ ದೊಡ್ಡವ್ವನ ಮುಂದೆ ನಾವೆಲ್ಲ ಮೂಗಿಯರೇ.

ಅವಳು ನನ್ನ ಅವ್ವನ ಅಕ್ಕ. ಹೆಸರು ನಿಂಗಮ್ಮ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಒಬ್ಬನೇ ಮಗ ಕೆಂಪಣ್ಣನನ್ನು ಬೆಳೆಸಿ, ಹೊಲ ಗದ್ದೆ ತಾನೇ ನಿಂತು ಮಾಡಿಸಿದವಳು. ಅಂಥವಳ ಬಾಯಲ್ಲಿ ಬೈಗುಳ ಜಾಸ್ತಿ ಇರಬೇಕು ತಾನೆ? ಇರಲಿಲ್ಲ. ಅವಳ ಮಾತಿನಲ್ಲಿ ಮುಕ್ಕಾಲು ಪಾಲು ಯಾರಿಗಾದರೂ ಕೈ ಮುಗಿಯುವುದೇ. ಮಳೆ ಬಂದರೆ ಮಳೆಗೆ, ಹಾಲು ಕರೆಸಿಕೊಂಡರೆ ಎಮ್ಮೆಗೆ, ಸರಿಯಾದ ದಾರಿ ತೋರಿಸಿದರೆ ಯಾವನೋ ದಾರಿಹೋಕನಿಗೆ. ಜೊತೆಗೆ ಹರಕೆ ಹೊರುವ ಚಟ ಬೇರೆ. ಬೇರೆಯವರು ದೇವರಿಗೆ ಹರಕೆ ಹೊತ್ತರೆ ಇವಳು ಮನುಷ್ಯರಿಗೂ ಹೊರುತ್ತಿದ್ದಳು. ಒಮ್ಮೆ ನಮಗಾಗಿ ಬಸ್ಸು ನಿಲ್ಲಿಸಿಕೊಂಡ ಕಂಡಕ್ಟರಿಗೆ, "ನಮ್ ಮಗೀಗೆ ವಾಸಿ ಆಗ್ಲಿ ಕಣಪ್ಪ, ನಿನ್ ಬಸ್ಸಿಗೆ ಈಡುಗಾಯಿ ಒಡೀತೀನಿ" ಎಂದಿದ್ದಳು. ವಾಸಿಯಾದ ಮೇಲೆ ರಸ್ತೆಯ ನಡುವೆ ನಿಂತು, ಕೃಷ್ಣರಾಜಪೇಟೆಯಿಂದ ಬರುತ್ತಿದ್ದ ಆ ಬಸ್ಸನ್ನು ತಡೆದು ಕಾಯಿ ಒಡೆದೇಬಿಟ್ಟಳು. ಡ್ರೈವರು ಮೊದಲು ಬೈದ, ಆಮೇಲೆ ತಾನೇ ಇಳಿದು ಬಂದು ಹೋಳು ಆಯ್ದುಕೊಂಡ.

ಆ ಮಗು ಅಂದರೆ ನಾನು. ಆಗ ನನಗೆ ಹತ್ತೊಂಬತ್ತು ವರ್ಷ. ನಾಗಮಂಗಲದ ಕಡೆಯ ಒಂದು ಮನೆಯಲ್ಲಿ ಮದುವೆ ಗೊತ್ತಾಗಿತ್ತು. ಒಂದು ದಿನ ಕೆಮ್ಮಿನ ಜೊತೆ ರಕ್ತ ಬಂತು. ಕ್ಷಯ ಎಂದರು. ಅಷ್ಟು ಹೊತ್ತಿಗೆ ಅದಕ್ಕೆ ಔಷಧಿ ಬಂದಿತ್ತು, ಆದರೆ ಔಷಧಿ ಬಂದ ಸುದ್ದಿ ಗಂಡಿನ ಮನೆಗೆ ಮುಟ್ಟಿರಲಿಲ್ಲ. ಸಂಬಂಧ ಮುರಿಯಿತು. ದಿನವೂ ಇಂಜೆಕ್ಷನ್ ಆಗಬೇಕು ಎಂದದ್ದರಿಂದ ಪಾಂಡವಪುರದ ಆಸ್ಪತ್ರೆಯ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದರು. ಅವ್ವನಿಗೆ ಮನೆಯಲ್ಲಿ ಪುಟ್ಟ ಮಕ್ಕಳು, ಬಿಟ್ಟು ಬರುವಂತಿರಲಿಲ್ಲ. ಯಾರು ಜೊತೆಗಿರುವುದು ಎಂದು ಗಂಡಸರು ಜಗಲಿಯ ಮೇಲೆ ಕೂತು ಯೋಚಿಸುತ್ತಿದ್ದಾಗ ದೊಡ್ಡವ್ವ ಒಳಗಿಂದ ಚಾಪೆ, ಚೊಂಬು, ರಾಗಿ ಹಿಟ್ಟಿನ ಗಂಟು ಹಿಡಿದು ಹೊರಗೆ ಬಂದು, ಗಾಡಿ ಯಾಕೆ ಇನ್ನೂ ಕಟ್ಟಿಲ್ಲ ಎಂದು ಕೇಳಿದಳು.

ಪಾಂಡವಪುರವನ್ನು ಅವಳು ಕಡೆಯವರೆಗೂ ಹಳೇ ಹೆಸರಿನಲ್ಲಿ ಹಿರೋಡೆ ಎಂದೇ ಕರೆದಳು. ಆ ಹಿರೋಡೆಯ ಕೋಣೆಯಲ್ಲಿ ನಾನು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟೆ. ಬದುಕಬೇಕೆಂಬ ಆಸೆಯೇ ಇರಲಿಲ್ಲ. ಮಾತ್ರೆ ಬಾಯಿಗಿಟ್ಟರೆ ವಾಂತಿ, ಇಂಜೆಕ್ಷನ್ ಚುಚ್ಚಿದ ಜಾಗವೆಲ್ಲ ಗಂಟು. ಒಂದು ಬೆಳಿಗ್ಗೆ ಇನ್ನು ಆಸ್ಪತ್ರೆಗೆ ಬರುವುದಿಲ್ಲ ಎಂದುಬಿಟ್ಟೆ. ದೊಡ್ಡವ್ವ ಸಮಾಧಾನ ಹೇಳಲಿಲ್ಲ, ಅಳಲಿಲ್ಲ. ಹಾಸಿಗೆಯ ಪಕ್ಕ ಕೂತು ಅಂಗೈಯನ್ನು ನನ್ನ ಎದೆಯ ಮೇಲಿಟ್ಟಳು.

"ಉಸ್ರು ಎಳ್ಕೊ ಮಗ," ಎಂದಳು. ಎಳೆದುಕೊಂಡೆ. "ಈಗ ಬುಡು." ಬಿಟ್ಟೆ. "ಐತೆ ಕಣವ್ವ, ಇನ್ನೂ ಐತೆ. ಯಾರೋ ಕೊಟ್ಟವ್ರೆ. ಇಸ್ಕೊಂಡು ಸುಮ್ನೆ ಮನೀಕಂಡ್ರೆ ಚೆಂದಾಗಿರ್ತದಾ? ಏಳು, ಓಗಿ ಕೈ ಮುಗ್ಕೊಂಡು ಬರಾನ."

ಯಾರಿಗೆ ಎಂದು ಕೇಳಿದೆ. ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಎಂದಳು. ಹಾಗೆ ಆ ಪುಣ್ಯಾತ್ಗಿತ್ತಿ ನನ್ನನ್ನು ದಿನವೂ ಕೈ ಮುಗಿಯುವ ನೆಪದಲ್ಲಿ ಆಸ್ಪತ್ರೆಗೆ ನಡೆಸಿದಳು. ಕೈ ಮುಗಿಯುವಷ್ಟರಲ್ಲಿ ಇಂಜೆಕ್ಷನ್ನೂ ಆಗಿಬಿಡುತ್ತಿತ್ತು. ಗೇಟು ತೆಗೆದವನಿಗೆ, ಸೂಜಿ ಕುದಿಸುವ ಪಾತ್ರೆಗೆ, ಕಾಂಪೌಂಡರಿಗೆ, ಒಬ್ಬರನ್ನೂ ಬಿಡುವಂತಿರಲಿಲ್ಲ. ಇಂಜೆಕ್ಷನ್ ಕೊಟ್ಟು ಹೊರಟ ಕಾಂಪೌಂಡರನ್ನು ಅವಳು ಬಾಗಿಲಲ್ಲೇ ತಡೆದು, ಉಂಡಿದ್ದಾನೆಯೇ ಎಂದು ವಿಚಾರಿಸಿ, ಸೆರಗಿನಲ್ಲಿ ಕಟ್ಟಿ ತಂದ ರೊಟ್ಟಿಯನ್ನೋ ಕಡಲೆಬೀಜವನ್ನೋ ಕೈಗೆ ಹಾಕದೆ ಬಿಡುತ್ತಿರಲಿಲ್ಲ. ನನಗೆ ನಾಚಿಕೆಯಾಗುತ್ತಿತ್ತು. ಆಮೇಲೆ ನಗು ಬರತೊಡಗಿತು. ನಗು ಬಂದ ಮೇಲೆ ಹಸಿವೂ ಬಂತು.

ಅಲ್ಲಿಯ ಡಾಕ್ಟರು ಮೇಲುಕೋಟೆಯ ಅಯ್ಯಂಗಾರರು. ಬೋಳು ತಲೆ, ಮೆತ್ತಗಿನ ಮಾತು. ಅವರು ನನ್ನ ಎದೆಯ ಎಕ್ಸರೇ ಫಿಲ್ಮನ್ನು ಜೋಪಾನವಾಗಿ ಇಟ್ಟುಕೊಂಡು ಮುಂದಿನ ಸಲ ತನ್ನಿ ಎಂದಿದ್ದರು. ಜೋಪಾನ ಎಂದರೆ ದೊಡ್ಡವ್ವನಿಗೆ ದೇವರ ಗೂಡೇ ಸರಿ. ನನ್ನ ಪಕ್ಕೆಲುಬುಗಳು ನಮ್ಮೂರ ದೇವತೆ ಅಮ್ಮನ ಪಟದ ಪಕ್ಕದಲ್ಲಿ ಕೂತು ದಿನವೂ ಊದುಬತ್ತಿ ಹೊಗೆ ಕುಡಿದವು. ಮುಂದಿನ ಸಲ ಡಾಕ್ಟರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದವರು ಹಾಗೇ ನಿಂತುಬಿಟ್ಟರು. ಬಲಗಡೆ ಶ್ವಾಸಕೋಶದ ನಟ್ಟನಡುವೆ ದುಂಡಗೆ ಒಂದು ಕಪ್ಪು ತೂತು. ಹೋದ ಸಲ ಇರಲಿಲ್ಲ. ಅವರ ಮುಖ ಬಿಳಿಚಿತು. ದೊಡ್ಡವ್ವ ಮಾತ್ರ ನಿರಾಳವಾಗಿ, ತಾನು ಸರಿಯಾಗಿ ಎಲ್ಲಿ ನೋವಿದೆಯೋ ಅಲ್ಲೇ ಇಟ್ಟಿದ್ದೇನೆಯೇ ಎಂದು ಕೇಳಿದಳು. ಡಾಕ್ಟರು ಉಗುರಿನಿಂದ ಕೆರೆದರು. ಕುಂಕುಮ ಉದುರಿತು. ಅವರು ಕುರ್ಚಿಯಲ್ಲಿ ಕೂತು ನಕ್ಕದ್ದು ನೋಡಬೇಕಿತ್ತು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ವಾಸಿ ಮಾಡುವುದು ಔಷಧಿಯೋ ಅಮ್ಮನೋ ಎಂದು ನಾನೊಮ್ಮೆ ಕೆಣಕಿದ್ದೆ. ಮೆಟ್ರಿಕ್ ಪಾಸಾದವಳ ಧಿಮಾಕು. ಅವಳು ರಾಗಿ ಮುದ್ದೆ ತೊಳಸುತ್ತಿದ್ದವಳು ಕೋಲು ನಿಲ್ಲಿಸಲೂ ಇಲ್ಲ. "ಎರಡೆತ್ತು ಕಟ್ಟಿದ್ರೆ ಗಾಡಿ ಓಯ್ತದೆ. ನೀನು ಗಾಡೀಲಿ ಕೂತ್ಕಂಡು ಯಾವೆತ್ತು ಎಳೀತು ಅಂತ ಯಾಕ್ ಕೇಳ್ತೀಯ?" ಎಂದಳು.

ಎಷ್ಟೋ ತಿಂಗಳು ಕಳೆದು ಇನ್ನೊಂದು ಎಕ್ಸರೇ ತೆಗೆಸುವ ದಿನ ಬಂತು. ಇದರಲ್ಲೂ ಶ್ವಾಸಕೋಶದ ಕಲೆ ಆರದಿದ್ದರೆ ಆಪರೇಷನ್ನಿಗೆ ದೂರದ ಆಸ್ಪತ್ರೆಗೆ ಹೋಗಬೇಕು, ಪಕ್ಕೆಲುಬು ಕತ್ತರಿಸಬೇಕು ಎಂದಿದ್ದರು ಡಾಕ್ಟರು. ಅಂದು ಬೆಳಿಗ್ಗೆ ದೊಡ್ಡವ್ವ ನಮ್ಮೂರ ದಿಕ್ಕಿಗೆ ತಿರುಗಿ ಕೈ ಮುಗಿದು ಹರಕೆ ಹೊತ್ತಳು. ಏನೆಂದು? ಮಗಳಿಗೆ ವಾಸಿಯಾದರೆ ಅಮ್ಮನಿಗೆ ಬಾಯಿಬೀಗ ಹಾಕಿಸಿಕೊಳ್ಳುತ್ತೇನೆ ಎಂದು.

ನಮ್ಮ ಕಡೆ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ತೆಳುವಾದ ಬೆಳ್ಳಿಯ ಸರಳು ಚುಚ್ಚಿಸಿಕೊಂಡು, ಕೆರೆ ಏರಿಯಿಂದ ಅಮ್ಮನ ಗುಡಿಯವರೆಗೆ ಮೆರವಣಿಗೆಯಲ್ಲಿ ನಡೆಯಬೇಕು. ಗುಡಿಯಲ್ಲಿ ಪೂಜಾರಿ ಸರಳು ತೆಗೆಯುವ ತನಕ ಒಂದೇ ಒಂದು ಮಾತು ಹೊರಡಕೂಡದು. ಹೊರಟರೆ ಹರಕೆ ಕೆಟ್ಟಿತು, ಬಿಟ್ಟುಹೋದ ಕಾಯಿಲೆ ತಿರುಗಿ ಬಂದಂತೆಯೇ. ದೊಡ್ಡವ್ವನಿಗೆ ಸರಳಿನ ಭಯವಿರಲಿಲ್ಲ, ಅವಳ ಕಷ್ಟವೆಲ್ಲ ಮಾತಿನದೇ. ಸುದ್ದಿ ಕೇಳಿ ಕಾಂಪೌಂಡರು ನಗು ತಡೆಯಲಾರದೆ ಹೊರಗೆ ಓಡಿದ.

ಕಲೆ ಆರಿತ್ತು. ಮಾತ್ರೆ ಇನ್ನೂ ಕೆಲವು ಕಾಲ ಮುಂದುವರಿಯಲಿ, ಊರಿಗೆ ಹೋಗಬಹುದು, ಆದರೆ ಭಾರ ಎತ್ತಬೇಡ, ಓಡಬೇಡ ಎಂದರು ಡಾಕ್ಟರು. ನಾನು ತಲೆಯಾಡಿಸಿದೆ, ಆದರೆ ನಿಜ ಹೇಳಬೇಕೆಂದರೆ ನಂಬಲಿಲ್ಲ. ಊರಿಗೆ ಬಂದ ಮೇಲೂ ಗಾಜಿನ ಲೋಟದಂತೆ ನನ್ನನ್ನು ನಾನೇ ಹಿಡಿದುಕೊಂಡು ಓಡಾಡುತ್ತಿದ್ದೆ.

ದೊಡ್ಡವ್ವನ ಬಾಯಿಬೀಗದ ದಿನ ಸುತ್ತಲ ಊರವರೆಲ್ಲ ಬಂದರು. ಭಕ್ತಿಯಿಂದ ಬಂದವರು ಕೆಲವರು, ನಿಂಗಮ್ಮ ಸುಮ್ಮನಿರುವುದನ್ನು ನೋಡಲು ಬಂದವರೇ ಬಹಳ. ಮನೆ ಮುಂದೆ ಚಪ್ಪರ, ಬಾಡೂಟ. ಡಾಕ್ಟರನ್ನೂ ಅವಳು ಬಿಡದೆ ಕರೆದಿದ್ದಳು. ಅವರು ಬಾಡು ಮುಟ್ಟುವವರಲ್ಲವಲ್ಲ, ಅವರಿಗೆ ಊರಿನ ದೇವಸ್ಥಾನದ ಅರ್ಚಕರ ಮನೆಯಲ್ಲಿ ಬೇರೆ ಅಡುಗೆ ಹೇಳಿ, ಹಾಲು ತುಪ್ಪ ತಾನೇ ಕೊಟ್ಟು ಬಂದಿದ್ದಳು. ಅವರು ಬಂದರೆ ನೇರ ಅಲ್ಲಿಗೆ ಕರೆದುಕೊಂಡು ಹೋಗಬೇಕೆಂದು ಎಲ್ಲರಿಗೂ ಹೇಳಿದ್ದಳು. ಎಲ್ಲರಿಗೂ ಹೇಳಿದ್ದರಿಂದ ಯಾರೂ ಆ ಕೆಲಸಕ್ಕೆ ನಿಲ್ಲಲಿಲ್ಲ.

ಕೆರೆ ಏರಿಯಲ್ಲಿ ಸರಳು ಚುಚ್ಚಿದರು. ತಮಟೆ ಶುರುವಾಯಿತು. ಹಳದಿ ಸೀರೆ, ಕೊರಳಿಗೆ ಹೂವು, ಕೈಯಲ್ಲಿ ಬೇವಿನ ಸೊಪ್ಪು ಹಿಡಿದು ದೊಡ್ಡವ್ವ ತುಟಿ ಬಿಗಿದು ನಡೆದಳು. ಹಿಂದೆ ಆರತಿ ತಟ್ಟೆ ಹಿಡಿದು ನಾನು. ಮೆರವಣಿಗೆ ನಮ್ಮ ಮನೆಯ ಮುಂದೆ ಬಂತು. ದೂರದೂರಿಗೆ ಬಸ್ಸು ಹಿಡಿಯಬೇಕಾದವರನ್ನು ಆಗಲೇ ಮೊದಲ ಪಂಕ್ತಿಗೆ ಕೂರಿಸಿದ್ದರು. ಅಲ್ಲಿ ನೋಡಿದ ದೊಡ್ಡವ್ವ ಗಕ್ಕನೆ ನಿಂತಳು. ನಿಂತವಳು ಎರಡೂ ಕೈ ಮೇಲೆತ್ತಿ ಬೀಸತೊಡಗಿದಳು. ತಲೆ ಅಲ್ಲಾಡಿಸಿದಳು, ನೆಲಕ್ಕೆ ಕಾಲು ಬಡಿದಳು.

"ಅಮ್ಮ ಮೈಮ್ಯಾಲೆ ಬಂದವ್ಳೆ," ಎಂದರು ಯಾರೋ. ಅಷ್ಟೇ ಸಾಕಾಯಿತು. ತಮಟೆಯವರು ಎರಡರಷ್ಟು ಜೋರು ಮಾಡಿದರು. ಹೆಂಗಸರು ಕಾಲಿಗೆ ಬಿದ್ದರು, ಕರ್ಪೂರ ಹಚ್ಚಿದರು. ಅವಳು ಇಲ್ಲ ಇಲ್ಲ ಎಂದು ತಲೆಯಾಡಿಸಿದಷ್ಟೂ ಇವರಿಗೆ ನಂಬಿಕೆ ಹೆಚ್ಚಿತು. ಒಬ್ಬ ಮುದುಕ ತನ್ನ ಕಳೆದುಹೋದ ಎಮ್ಮೆ ಎಲ್ಲಿದೆ ತಾಯಿ ಎಂದು ಕೇಳಿದ. ಅವಳು ಚಪ್ಪರದ ಕಡೆಗೆ ಬೆರಳು ತೋರಿಸಿದಳು. ಅವನು ಚಪ್ಪರಕ್ಕೆ ನುಗ್ಗಿ ಉಣ್ಣುವವರ ಮಧ್ಯೆ ಎಮ್ಮೆ ಹುಡುಕಿದ.

ನನಗೂ ಏನೂ ಹೊಳೆಯಲಿಲ್ಲ. ಆಗ ಅವಳು ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರು ತುಂಬಿತ್ತು. ಬಾಯಿ ತೆರೆದರೆ ನನ್ನ ಉಸಿರಿಗೆ ಕುತ್ತು, ತೆರೆಯದಿದ್ದರೆ ಬೇರೊಂದು ಅನಾಹುತ. ಅವಳು ಅಂಗೈಯನ್ನು ನನ್ನ ಎದೆಯ ಮೇಲಿಟ್ಟಳು, ಹಿರೋಡೆಯ ಕೋಣೆಯಲ್ಲಿ ಇಡುತ್ತಿದ್ದ ಹಾಗೇ. ಆಮೇಲೆ ಮತ್ತೆ ಚಪ್ಪರದ ಕಡೆ ಬೆರಳು. ಈ ಉಸಿರು ಕೊಟ್ಟವರು ಎಂದಲ್ಲವೇ ಅದರ ಅರ್ಥ! ನೋಡಿದೆ. ಪಂಕ್ತಿಯ ಕೊನೆಯಲ್ಲಿ ಬೋಳು ತಲೆ. ಪಂಚೆ ಉಟ್ಟು ಬಂದಿದ್ದರಿಂದ ಯಾರಿಗೂ ಗುರುತು ಸಿಕ್ಕಿಲ್ಲ, ಇದೇ ಊಟವಿರಬೇಕೆಂದು ಅವರೂ ಕೂತುಬಿಟ್ಟಿದ್ದಾರೆ. ಕಣ್ಣು ಮುಚ್ಚಿ, ಎಲೆಯ ಸುತ್ತ ನೀರು ಸುತ್ತುತ್ತಾ ಮಂತ್ರ ಹೇಳುತ್ತಿದ್ದಾರೆ. ಇತ್ತ ಕೆಂಪಣ್ಣ ಬಾಡಿನ ಸಾರಿನ ಬಕೆಟ್ಟು ಹಿಡಿದು ಪಕ್ಕದ ಎಲೆ ಮುಗಿಸಿ ಅವರ ಎಲೆಗೆ ಸೌಟು ಎತ್ತಿದ್ದಾನೆ.

ತಟ್ಟೆಯನ್ನು ಯಾರ ಕೈಗೆ ಕೊಟ್ಟೆನೋ ಗೊತ್ತಿಲ್ಲ, ಓಡಿದೆ. ಬೀದಿ ದಾಟಿ, ಚಪ್ಪರದ ಗಳು ದಾಟಿ, ಎಮ್ಮೆ ಹುಡುಕುತ್ತಿದ್ದ ಮುದುಕನನ್ನು ತಳ್ಳಿ ಓಡಿದೆ. ಡಾಕ್ಟರ ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದಕ್ಕೂ ಸಾರು ಬೀಳುವುದಕ್ಕೂ ಸರಿಹೋಯಿತು. ಕೈ ಸುಟ್ಟಿತು.

ಡಾಕ್ಟರು ಕಣ್ಣು ಬಿಟ್ಟರು. ಸಾರಿನ ಕಡೆ ನೋಡಲೇ ಇಲ್ಲ. ನನ್ನನ್ನು ನೋಡಿ, "ಎಲ್ಲಿಂದ ಓಡಿ ಬಂದೆಯಮ್ಮ?" ಎಂದು ಕೇಳಿದರು. ಬೀದಿಯ ಆಚೆಯಿಂದ ಎಂದೆ. ಕೆಮ್ಮು ಬಂತೇ ಎಂದರು. ಇಲ್ಲ. ಎದೆ ಹಿಡಿಯಿತೇ ಎಂದರು. ಇಲ್ಲ. ಅಷ್ಟು ಜನರ ಎದುರಿಗೆ, ಬಾಡಿನ ಘಮದ ನಡುವೆ, ನನ್ನ ಬೆನ್ನಿಗೆ ಕಿವಿಯಿಟ್ಟು ಕೇಳಿ, "ಇನ್ನು ನೀನು ಎಷ್ಟು ಬೇಕಾದರೂ ಓಡು" ಎಂದರು. ಆಗ ನಾನು ನಂಬಿದೆ ನೋಡಿ. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ತಿರುಗಿ ನೋಡಿದರೆ ಬೀದಿಯಲ್ಲಿ ದೊಡ್ಡವ್ವ ಸರಳು ಹೊತ್ತ ಮುಖದಲ್ಲೇ ಡಾಕ್ಟರಿಗೆ ಕೈ ಮುಗಿದು ನಿಂತಿದ್ದಳು. ಅಮ್ಮ ಶಾಂತಳಾದಳು ಎಂದುಕೊಂಡ ಜನ ಮೆರವಣಿಗೆಯನ್ನು ಮುಂದಕ್ಕೆ ಸಾಗಿಸಿದರು.

ಗುಡಿಯಲ್ಲಿ ಪೂಜಾರಿ ಸರಳು ತೆಗೆದು ಕೆನ್ನೆಗೆ ವಿಭೂತಿ ಒತ್ತಿದ. ಅಷ್ಟು ಹೊತ್ತು ಸುಮ್ಮನಿದ್ದವಳು ಮೊದಲು ಏನೆನ್ನುತ್ತಾಳೋ ಎಂದು ಊರೇ ಕಿವಿಗೊಟ್ಟು ನಿಂತಿತ್ತು. "ಡಾಕ್ಟ್ರು ಉಂಡ್ರಾ?" ಎಂದಳು.

ಆಮೇಲೆ ನಾನು ಓದಿ ಶಾಲೆಯ ಮೇಡಮ್ ಆದೆ, ಮದುವೆಯಾದೆ, ನಾಗಮಂಗಲಕ್ಕೆ ಹೋದೆ. ಹೌದು, ನಾಗಮಂಗಲವೇ, ಮನೆ ಮಾತ್ರ ಬೇರೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಕೆಂಪಣ್ಣ ಹೇಳಿಕಳಿಸಿದ: ಅವ್ವನಿಗೆ ಲಕ್ವ ಹೊಡೆದಿದೆ, ಬಲಗೈ ಬಿದ್ದಿದೆ, ಮಾತು ನಿಂತಿದೆ. ಆ ಬಾಯಿ ನಿಂತಿತು ಎಂದರೆ ನಂಬುವುದು ಹೇಗೆ? ಸಿಕ್ಕ ಬಸ್ಸು ಹತ್ತಿ ಬಂದೆ.

ಮನೆಯವರೆಲ್ಲ ಹಾಸಿಗೆಯ ಸುತ್ತ ನಿಂತಿದ್ದರು. ದೊಡ್ಡವ್ವ ಎಡಗೈ ಬೆರಳುಗಳನ್ನು ಬಾಯಿಯ ಹತ್ತಿರ ತರುತ್ತಾಳೆ, ಬಾಗಿಲ ಕಡೆ ತೋರಿಸುತ್ತಾಳೆ. ಸೊಸೆ ನೀರು ತಂದಳು, ಬೇಡ. ಗಂಜಿ, ಬೇಡ. ಕೊನೆಗೆ ಮೇಲುಕೋಟೆಯ ತೀರ್ಥವನ್ನೂ ಹನಿಸಲು ನೋಡಿದರು. ತುಟಿ ಬಿಗಿದು ಮುಖ ತಿರುಗಿಸಿದಳು. ಅಮ್ಮನನ್ನು ಕರೆಯುತ್ತಿದ್ದಾಳೆ ಎಂದು ಕೆಂಪಣ್ಣ ಅಳುತ್ತಿದ್ದ.

ನಾನು ಬಾಗಿಲ ಕಡೆ ನೋಡಿದೆ. ಇಂಜೆಕ್ಷನ್ ಕೊಡಲು ಬಂದಿದ್ದ ಯಾರೋ ಹೊಸ ಕಾಂಪೌಂಡರು ಡಬ್ಬಿಯನ್ನು ಸೈಕಲ್ಲಿಗೆ ಕಟ್ಟುತ್ತಿದ್ದ.

"ಆತನಿಗೆ ಏನಾದ್ರೂ ಕೊಟ್ರಾ ಉಣ್ಣಕ್ಕೆ?" ಎಂದು ಕೇಳಿದೆ. ಯಾರೂ ಕೊಟ್ಟಿರಲಿಲ್ಲ. ಆತನನ್ನು ಕರೆದು ಕೂರಿಸಿ ರೊಟ್ಟಿ, ಕಾಫಿ ಕೊಟ್ಟೆವು. ದೊಡ್ಡವ್ವನ ಕೈ ಕೆಳಗಿಳಿಯಿತು. ಆತ ತಿಂದು ಮುಗಿಸುವವರೆಗೂ ಕಣ್ಣು ತೆಗೆಯದೆ ನೋಡಿದಳು.

ಆಮೇಲೆ ಎಡಗೈಯನ್ನು ನನ್ನ ಎದೆಯ ಮೇಲಿಟ್ಟಳು. ಉಸಿರು ಎಳೆದುಕೊಂಡೆ, ಬಿಟ್ಟೆ. ಅವಳು ಹೇಳಬೇಕಾದ್ದನ್ನು ನಾನೇ ಹೇಳಿದೆ. "ಐತೆ ಕಣ್ ದೊಡ್ಡವ್ವ, ಇನ್ನೂ ಐತೆ." ಅರ್ಧ ಬಾಯಲ್ಲಿ ನಕ್ಕಳು. ಅದೇ ನಮ್ಮ ಕಡೆಯ ಭೇಟಿ.

ಕಾಂಪೌಂಡರು ನಾಳೆ ಬರುತ್ತೇನೆಂದು ಎದ್ದ. ಅವಳು ಕೈ ಎತ್ತಿದಳು, ಒಂದೇ ಕೈ. ಇನ್ನೊಂದು ಹಾಸಿಗೆಯ ಮೇಲೆ ಬಿದ್ದೇ ಇತ್ತು. ನಾನು ನನ್ನ ಬಲಗೈಯನ್ನು ತಂದು ಅವಳ ಅಂಗೈಗೆ ಜೋಡಿಸಿದೆ. ಇಬ್ಬರೂ ಸೇರಿ ಆತನಿಗೆ ಕೈ ಮುಗಿದೆವು.