ಅಪ್ಪ ಕುಂಕುಮ ಇಟ್ಟ ತೋಟಾಗಳು

ಅಪ್ಪ ಸತ್ತ ಮೇಲೆ ಅವನ ರಿವಾಲ್ವರನ್ನು ಠಾಣೆಗೆ ಒಪ್ಪಿಸಬೇಕಿತ್ತು. ಲೈಸೆನ್ಸ್ ಅವನ ಹೆಸರಲ್ಲಿತ್ತು, ಅವನೇ ಇಲ್ಲ. ನಮ್ಮ ಮನೆ ವೀರನಹೊಸಹಳ್ಳಿ ಕಡೆ, ಕಾಡಿನ ಅಂಚಲ್ಲಿ. ಬೈಕಲ್ಲಿ ಹುಣಸೂರಿಗೆ ಹೋಗಿ ಕೊಟ್ಟು ಬರುವುದು, ಅಷ್ಟೇ ಕೆಲಸ. ತಿಥಿ ಮುಗಿದಿತ್ತು. ನನಗೆ ಇನ್ನೂ ಅಳು ಬಂದಿರಲಿಲ್ಲ. ಬರುತ್ತದೆ ಅಂತ ಎಲ್ಲರೂ ಹೇಳಿದರು. ಬರಲಿಲ್ಲ.

ಬೆಳಿಗ್ಗೆ ಹೊರಡುವ ಹೊತ್ತಿಗೆ ಅಣ್ಣ ತಕರಾರು ತೆಗೆದ.

"ಕೊಡಕ್ಕೆ ಮುಂಚೆ ಅಪ್ಪನ ಎಸ್ರಲ್ಲಿ ಒಂದು ಗುಂಡು ಆರಿಸ್ತೀನಿ ಕಣ್ಲಾ. ಕೊಡಗಿನೋರು ಸತ್ರೆ ಆರಿಸಲ್ವಾ?"

"ನಾವೇನು ಕೊಡಗಿನೋರಾ?"

"ಅಪ್ಪ ಅಲ್ಲಿ ಕಾಪಿ ತೋಟದಲ್ಲಿ ಎಷ್ಟು ವರ್ಸ ದುಡುದ? ಅರ್ಧ ಕೊಡಗಿನೋನೇ ಬುಡು."

"ಕೇಸ್ ಆಯ್ತದೆ ಕಣಣ್ಣ."

"ಆನೆ ಓಡ್ಸಕ್ಕೆ ದಿನಾ ಪಟಾಕಿ ಒಡೀತಾರೆ. ಯಾವನಿಗೆ ಗೊತ್ತಾಯ್ತದೆ?"

ಅವನು ತೋಟಾಗಳ, ಅಂದರೆ ಗುಂಡುಗಳ, ಡಬ್ಬಿ ತಂದು ಜಗುಲಿ ಮೇಲೆ ಸುರಿದ. ಒಂದೊಂದು ತೋಟಾದ ತಳಕ್ಕೂ ಗಂಧ ಮೆತ್ತಿತ್ತು, ಗಂಧದ ಮೇಲೆ ಕುಂಕುಮ. ಆಯುಧಪೂಜೆ ದಿನ ಅಪ್ಪ ಇಟ್ಟದ್ದು. ನಮ್ಮ ಮನೆಯಲ್ಲಿ ಆ ದಿನ ಟ್ರ್ಯಾಕ್ಟರಿಗೆ, ಕುಡುಗೋಲಿಗೆ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಬಾಗಿಲಿಗೆ, ಎಲ್ಲಕ್ಕೂ ಗಂಧ ಇಡುತ್ತಾರೆ. ತೋಟಾಗಳನ್ನೂ ಅಪ್ಪ ತಟ್ಟೆಯಲ್ಲಿ ಬೋರಲು ನಿಲ್ಲಿಸಿ, ಹಣೆಗೆ ಇಡುವ ಹಾಗೆ ಇಡುತ್ತಿದ್ದ.

ರಾವಂದೂರಿನ ಮಾವ, ಅಂದರೆ ಅವ್ವನ ತಮ್ಮ, ಹಬ್ಬಕ್ಕೆ ತನ್ನ ಪಿಸ್ತೂಲು ತಗೊಂಡು ಬರುತ್ತಾನೆ. ಅವನ ತೋಟಾಗಳಿಗೂ ಅದೇ ತಟ್ಟೆ. ಪೂಜೆ ಆದ ಮೇಲೆ ಅಪ್ಪ ಗಂಧ ಒರೆಸಿ, ತಳ ನೋಡಿ, ಅವರದ್ದು ಅವರಿಗೆ ಬೇರೆ ಮಾಡಿ ಕೊಡುತ್ತಿದ್ದ. ಈ ಸಲ ಮಾವನಿಗೆ ಬಸ್ಸಿನ ಅವಸರ, ಕೈಗೆ ಬಂದಷ್ಟು ಬಾಚಿಕೊಂಡು ಹೋದ. ಅಪ್ಪ ಆಮೇಲೆ ನೋಡಿದರಾಯಿತು ಅಂದ. ವಾರದೊಳಗೆ ಎದೆನೋವು ಬಂತು.

ಅಣ್ಣ ಗಿಡ್ಡ ತೋಟಾಗಳನ್ನೇ ಹೆಕ್ಕಿ ರಿವಾಲ್ವರಿಗೆ ಹಾಕತೊಡಗಿದ.

"ಗಿಡ್ಡುಕ್ಕೆ ಸದ್ದು ಕಮ್ಮಿ," ಅಂದ. "ಫಾರೆಸ್ಟ್ ನೋರ್ಗೆ ಕೇಳ್ಸಲ್ಲ. ನೋಡು, ಎಂಗೆ ಸಲೀಸಾಗಿ ಕೂತ್ಕತು."

"ತೆಗಿ ಅದ. ಮಾವನ ಪಿಸ್ತೂಲುಂದು."

"ತೂತಿಗೆ ಇಳೀತಲ್ಲ. ಇನ್ನೇನ್ಲಾ?"

"ಇಳುದ್ರೆ ಆಯ್ತಾ? ನಿನ್ ಕಾಲು ಅವ್ವನ ಚಪ್ಲಿಗೂ ಇಳೀತದೆ."

ಅಪ್ಪ ಕಲಿಸಿದ್ದು ಒಂದೇ. ನಳಿಗೆ ಮೇಲೆ ಏನು ಕೊರೆದಿದೆಯೋ ಅದೇ ತೋಟಾದ ತಳದಲ್ಲೂ ಇರಬೇಕು, ಅಂಕಿಯೂ ಅಕ್ಷರವೂ. ಅರ್ಧ ಹೊಂದಿದರೆ ಹೊಂದಿದ ಹಾಗಲ್ಲ. ಇಂಗ್ಲಿಷ್ ಓದಲು ನನಗೆ ಸರಿಯಾಗಿ ಬರಲ್ಲ. ಆಕಾರ ಇಟ್ಟು ನೋಡುತ್ತೇನೆ. ನಮ್ಮದರ ನಳಿಗೆ ಮೇಲೆ ಮೂವತ್ತೆರಡು ಅಂತ ಇದೆ, ಪಕ್ಕದಲ್ಲಿ ಕೆಲವು ಅಕ್ಷರ.

ಅಣ್ಣನ ಕೈಯಿಂದ ರಿವಾಲ್ವರ್ ಇಸಕೊಂಡು, ನೆಲದ ಕಡೆ ಹಿಡಿದು, ಎಲ್ಲ ತೋಟಾ ತೆಗೆದೆ. ಒಂದರ ತಳಕ್ಕೆ ಬಟ್ಟೆ ಇಟ್ಟೆ. ಅಣ್ಣ ನನ್ನ ಮಣಿಕಟ್ಟು ಹಿಡಿದ.

"ಅಪ್ಪನ ಕೈಯಿಂದು ಕಣ್ಲಾ ಅದು. ಒರ್ಸ್ಬ್ಯಾಡ. ಇದು ಬುಟ್ರೆ ಅವುಂದು ಇನ್ನೇನದೆ ಈ ಮನೇಲಿ?"

ಅವನ ಕಣ್ಣು ತುಂಬಿತ್ತು. ನನಗೆ ಏನೂ ಅನ್ನಿಸಲಿಲ್ಲ. ಅವನ ಹಿಡಿತ ಬಿಗಿ ಇದೆ, ಬೆರಳು ಐದೂ ಇನ್ನೂ ಇವೆ, ಅಷ್ಟೇ ಕಂಡಿತು.

"ಪಿಸ್ತೂಲು ಗುಂಡಿನ ಜೋರು ಜಾಸ್ತಿ ಅಂತ ಅಪ್ಪನೇ ಏಳಿದ್ದ," ಅಂದೆ. "ನಮ್ ರಿವಾಲ್ವರು ಅಳೇದು. ಒಡುದ್ರೆ ನಿನ್ ಕೈಯಲ್ಲೇ ಒಡೀತದೆ."

ಅವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು.

"ಒರ್ಸು," ಅಂದಳು.

"ಅವ್ವಾ..."

"ಒರ್ಸ್ಲಿ ಬುಡ್ಲಾ. ಅವರಿದ್ರೆ ಅವರೇ ಒರ್ಸೋರು. ಈ ಮನೇಲಿ ಇನ್ನೊಂದು ತಿಥಿ ಮಾಡಕ್ಕೆ ನನ್ ಕೈಲಾಗಲ್ಲ."

ಅಣ್ಣ ಕೈ ಬಿಟ್ಟ. ಗಂಧ ಒಣಗಿ ಗಟ್ಟಿಯಾಗಿತ್ತು. ಉಗುರಲ್ಲಿ ಮೆಲ್ಲಗೆ ಕೆರೆದು ಒರೆಸಿದೆ. ಏಳು, ಚುಕ್ಕೆ, ಅರವತ್ತೈದು. ನಳಿಗೆ ಪಕ್ಕ ಹಿಡಿದು ತೋರಿಸಿದೆ. ಅಣ್ಣ ಎರಡನ್ನೂ ನೋಡಿದ, ಮತ್ತೆ ನೋಡಿದ. ಆಮೇಲೆ ಬಟ್ಟೆಯ ಇನ್ನೊಂದು ತುದಿ ಹಿಡಿದು ಅವನೂ ಒರೆಸಲು ಕೂತ.

ನಾನು ಮಾವನಿಗೆ ಫೋನ್ ಮಾಡಿದೆ.

"ಮಾವ, ನಿಮ್ಮ ಡಬ್ಬೀಲಿ ನಮ್ಮವು ಸೇರ್ಕೊಂಡವೆ. ಪಿಸ್ತೂಲಿಗೆ ಆಕ್ಬ್ಯಾಡಿ. ತಳ ಒರ್ಸಿ ನೋಡಿ."

"ಭಾವ ಇಟ್ಟಿರೋ ಕುಂಕುಮ ಕಣಪ್ಪ," ಅಂದ ಮಾವ. ಡಬ್ಬಿ ತೆಗೆದ ಸದ್ದಾಯಿತು. "ಆಯ್ತು, ಒರ್ಸ್ತೀನಿ."

ನಮ್ಮ ತೋಟಾ, ಮಾವನ ತೋಟಾ ಬೇರೆ ಬೇರೆ ಎರಡು ಪೊಟ್ಟಣ ಕಟ್ಟಿ, ರಿವಾಲ್ವರೂ ತಗೊಂಡು ಹುಣಸೂರಿಗೆ ಹೋದೆವು. ಠಾಣೆಯಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದೆವು. ಬೈದರು, ರಿವಾಲ್ವರನ್ನೂ ಎರಡೂ ಪೊಟ್ಟಣವನ್ನೂ ಇಟ್ಟುಕೊಂಡರು, ಮಾವನನ್ನೂ ಬರಲು ಹೇಳಿದರು. ಈಚೆ ಬಂದು ಹೋಟೆಲಲ್ಲಿ ಇಡ್ಲಿ ತಿಂದೆವು. ನನಗೆ ಹಸಿವಾಗಿತ್ತು.

ಅಣ್ಣ ತಟ್ಟೆ ನೋಡುತ್ತಾ ಕೇಳಿದ, "ನಮ್ಮವು ಸರಿಯಾದವೂ ಇದ್ವಲ್ಲ?"

"ಇದ್ವು."

"ಒಂದು ಆರಿಸ್ಬೌದಿತ್ತು."

"ಊಂ."

"ಮತ್ತೆ ಅದ ನಂಗೆ ಏಳಲಿಲ್ವಲ್ಲೋ ನೀನು."

"ನೀನು ಕೇಳಲಿಲ್ಲ."

ಅವನು ಇನ್ನೊಂದು ಪ್ಲೇಟ್ ಇಡ್ಲಿ ಹೇಳಿದ, ಇಬ್ಬರಿಗೂ ಸೇರಿಸಿ.