ಹಿಂದೆ ಸರಿದ ಕೈ

“ಎಲ್ಲರ ಹಾಗೂ ಮಾತಾಡ್ತೀಯಂತೆ. ನಂದೂ ಒಂದ್ಸಲ ಮಾಡಿ ತೋರ್ಸು ಮಾರಾಯ, ನಾನು ಕೇಳೇ ಇಲ್ಲ” ಎಂದರು ಸುಮಿತ್ರಕ್ಕ. ನರಸಿಂಹರಾಜಪುರದ ನಮ್ಮ ಕಾಲೇಜು ಲೈಬ್ರರಿಯಲ್ಲಿ ಅವರಿಗೆ ಅದು ಕೊನೆಯ ದಿನ. ಕೊಪ್ಪ, ಶೃಂಗೇರಿ, ನಮ್ಮೂರು, ಮೂರೂ ಕಾಲೇಜಿನ ಹೊಸ ಪುಸ್ತಕಗಳಿಗೆ ಇನ್ನು ಕೊಪ್ಪದಲ್ಲೇ ಕಂಪ್ಯೂಟರಿನಲ್ಲಿ ನಂಬರ್ ಹಾಕಿ ಕಳಿಸುವುದೆಂದು ಮೂರೂ ಕಡೆಯವರ ಮೀಟಿಂಗಿನಲ್ಲಿ ತೀರ್ಮಾನವಾಗಿತ್ತು. ವರ್ಷಗಟ್ಟಲೆ ಆ ಕೆಲಸ ಮಾಡಿದ್ದ ಅಕ್ಕನನ್ನು ಫೀಸ್ ಕೌಂಟರಿಗೆ ಹಾಕಿದ್ದರು. ನಾನು ಅವರ ಸಹಾಯಕ.

ಕೇಳಿದರೆ ಬಿಡುವ ಬಾಯಿಯೇ ನನ್ನದು? ನನ್ನ ಸ್ವಂತ ದನಿ ಯಾವುದೆಂದು ಅಮ್ಮನಿಗೇ ಅನುಮಾನ. ಅಕ್ಕನ ಹಾಗೆಯೇ ಕತ್ತು ಚಾಚಿ ಗದರಿದೆ: “ಏಯ್, ಮುಟ್ಬೇಡಿ! ಅದಕ್ಕಿನ್ನೂ ನಂಬರ್ ಹಾಕ್ಲಿಲ್ಲ!”

ಕೊಪ್ಪದಿಂದ ಬಂದ ಹೊಸ ಪುಸ್ತಕವೊಂದನ್ನು ಎತ್ತಿಕೊಳ್ಳಲು ಹೋಗಿದ್ದ ಅಕ್ಕನ ಕೈ ಥಟ್ಟನೆ ಹಿಂದೆ ಸರಿಯಿತು. ಪುಸ್ತಕದ ಬೆನ್ನಿಗೆ ನಂಬರ್ ಆಗಲೇ ಅಂಟಿತ್ತು. ಅದನ್ನು ನೋಡಿ ನಗಲು ಹೊರಟವರು ನಗಲಿಲ್ಲ. “ಸರಿಯಾಗೇ ಮಾಡ್ತೀಯ” ಎಂದು ಕೈಚೀಲ ತೆಗೆದುಕೊಂಡು ಎದ್ದರು.

ಈಗ ಹೊಸ ಪುಸ್ತಕ ಬಂದ ದಿನವೇ ಓದಲು ಸಿಗುತ್ತದೆ, ಅನುಕೂಲವೇ. ಆದರೆ ನಮ್ಮೂರಿನ ಪುಸ್ತಕಗಳಿಗಾದರೂ ಅಕ್ಕನೇ ನಂಬರ್ ಹಾಕಲಿ ಎಂದು ಆ ಮೀಟಿಂಗಿನಲ್ಲಿ ಒಬ್ಬರೂ ಹೇಳಲಿಲ್ಲ. ಮೂರೂ ಊರಿನವರ ದನಿಯಲ್ಲಿ ಮಾತಾಡಬಲ್ಲ ನಾನೂ ಅಲ್ಲೇ ಕೂತಿದ್ದೆ.