ಕೆಂಪು ಮೈಯ ಪಾತರಗಿತ್ತಿ

ಅಕ್ಕ ಸವದತ್ತಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದಳು. ಮದುವೆಯಾಗಿರಲಿಲ್ಲ. ನಾನು ಬೈಲಹೊಂಗಲದಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ನನ್ನ ಗಂಡ ತೀರಿಕೊಂಡ ಮೇಲೆ ಭಾನುವಾರ ಬಂತೆಂದರೆ ಸಾಕು, ಹೊತ್ತು ಹೋಗುತ್ತಿರಲಿಲ್ಲ. ಅದು ಅಕ್ಕನಿಗೆ ಗೊತ್ತಿತ್ತು. ಒಂದು ದಿನ ಫೋನ್ ಮಾಡಿ, ಬೆಳಗಿನ ಬಸ್ಸಿಗೆ ಬಂದುಬಿಡು, ಹೂಲಿಗೆ ಹೋಗೋಣ ಎಂದಳು. ಅಲ್ಲೇನು ನೋಡುವುದು ಎಂದು ಕೇಳಿದರೆ ಪಾತರಗಿತ್ತಿ ಎಂದಳು. ತಲೆ ಬೆಳ್ಳಗಾದ ಇಬ್ಬರು ಹೆಂಗಸರು ಪಾತರಗಿತ್ತಿಯ ಬೆನ್ನು ಹತ್ತುವುದೇ ಎಂದು ನನಗೆ ನಗು ಬಂತು. ಆದರೂ ಹೋದೆ.

ಆಮೇಲೆ ಪ್ರತಿ ವರ್ಷ ಶಿವರಾತ್ರಿ ಮುಗಿದ ಮೇಲೆ, ಯುಗಾದಿಯ ಆಚೀಚೆ, ಬೇವಿನ ಗಿಡಗಳು ಚಿಗುರಿ ಹೂ ಬಿಡುವ ದಿನಗಳಲ್ಲಿ ನಾವು ಹೂಲಿಗೆ ಹೋಗುವುದು ರೂಢಿಯಾಯಿತು. ಹಳೇ ಗುಡಿಗಳ ಹಿಂದೆ ಒಂದು ಹೊಂಡ ಇದೆ. ಅದರ ಕಟ್ಟೆಯ ಕಲ್ಲುಗಳ ಸಂದಿನಲ್ಲಿ ಈಶ್ವರಿ ಬಳ್ಳಿ ಹಬ್ಬಿದೆ, ಸುತ್ತ ಲಂಟಾನದ ಪೊದೆ. ಬಿಸಿಲು ಬೀಳುತ್ತಲೇ ಪಾತರಗಿತ್ತಿಗಳು ರೆಕ್ಕೆ ಬಿಚ್ಚಿ ಕಲ್ಲಿನ ಮೇಲೆ ಕೂತು ಮೈ ಕಾಯಿಸಿಕೊಳ್ಳುತ್ತಿದ್ದವು. ಅಕ್ಕ ಓಡಾಡುತ್ತಿರಲಿಲ್ಲ. ಒಂದೇ ಕಡೆ ಕೂತು, ಅವು ತಾವಾಗಿಯೇ ಬರಲಿ ಎಂದು ಕಾಯುತ್ತಿದ್ದಳು. ಬಂದದ್ದರ ಹೆಸರನ್ನು ಮೆಲ್ಲಗೆ ಹೇಳುತ್ತಿದ್ದಳು, ಮದುವೆ ಮನೆಯಲ್ಲಿ ಬಳಗದವರನ್ನು ಗುರುತು ಹಿಡಿದು ಹೇಳುವ ಹಾಗೆ. ಎಕ್ಕೆ ಗಿಡದ ಹತ್ತಿರ ಸುಳಿಯುವ ಕಿತ್ತಳೆ ಬಣ್ಣದ್ದು ಪ್ಲೇನ್ ಟೈಗರ್. ನೆಲಕ್ಕೆ ಹತ್ತಿಕೊಂಡೇ ಹಾರುವ ನೀಲಿಯದು ಬ್ಲೂ ಪ್ಯಾನ್ಸಿ.

ನನಗೆ ಎರಡು ಮಾತ್ರ ಎಂದೂ ಬಗೆಹರಿಯಲಿಲ್ಲ. ಕ್ರಿಮ್ಸನ್ ರೋಸ್ ಎನ್ನುವ ಒಂದು ಪಾತರಗಿತ್ತಿ ಇದೆ. ಕಪ್ಪು ರೆಕ್ಕೆ, ಅದರ ಮೇಲೆ ಬಿಳಿ ಪಟ್ಟೆ, ಕೆಂಪು ಚುಕ್ಕೆ. ಈಶ್ವರಿ ಬಳ್ಳಿ ತಿಂದು ಬೆಳೆದ ಅದರ ಮೈಯಲ್ಲಿ ವಿಷ, ಆದ್ದರಿಂದ ಹಕ್ಕಿಗಳು ಮುಟ್ಟುವುದಿಲ್ಲ. ಕರಿಬೇವಿನ ಎಲೆ ತಿಂದು ಬೆಳೆಯುವ ಮಾರ್ಮನ್ ಎನ್ನುವ ಇನ್ನೊಂದರ ಹೆಣ್ಣು, ತನ್ನಲ್ಲಿ ವಿಷವಿಲ್ಲದಿದ್ದರೂ ಅದೇ ವೇಷ ಹಾಕಿಕೊಂಡು ಜೀವ ಉಳಿಸಿಕೊಳ್ಳುತ್ತದೆ. ನಾನು ಪ್ರತಿ ಸಲವೂ ತಪ್ಪಿ ಹೇಳುತ್ತಿದ್ದೆ. ಪ್ರತಿ ಸಲವೂ ಅಕ್ಕನದು ಒಂದೇ ಮಾತು: “ರೆಕ್ಕಿ ನೋಡಿ ಮೋಸ ಹೋಗಬ್ಯಾಡ. ಮೈ ನೋಡು. ಮೈ ಕೆಂಪಿದ್ರ ರೋಸ್, ಕರಿ ಇದ್ರ ಮಾರ್ಮನ್.”

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕ್ಲಾಸಿನಲ್ಲಿ ಪಾಠ ಮಾಡುತ್ತಿದ್ದಾಗಲೇ ಅಕ್ಕನಿಗೆ ಲಕ್ವಾ ಹೊಡೆಯಿತು. ಬೋರ್ಡಿನ ಮೇಲೆ ಚಿತ್ರ ಬರೆಯುತ್ತಿದ್ದವಳ ಕೈಯಿಂದ ಸುಣ್ಣದ ಕಡ್ಡಿ ಬಿತ್ತಂತೆ. ಅವಳು ಪಾಠ ನಿಲ್ಲಿಸಲಿಲ್ಲವಂತೆ, ಆದರೆ ಬಾಯಿಂದ ಬರುತ್ತಿದ್ದುದು ಯಾವ ಭಾಷೆಯೂ ಆಗಿರಲಿಲ್ಲವಂತೆ. ಮೊದಲಿಗೆ ಮಕ್ಕಳು ನಕ್ಕು, ಆಮೇಲೆ ಹೆದರಿ ಆಫೀಸಿಗೆ ಓಡಿದರು. ಬೆಳಗಾವಿಯ ಆಸ್ಪತ್ರೆಯಿಂದ ಮನೆಗೆ ಬಂದಾಗ ಅವಳ ಬಲಗೈ, ಬಲಗಾಲು ಸತ್ತಿದ್ದವು. ಮಾತು ಪೂರ್ತಿ ಹೋಗಿತ್ತು. ಉಳಿದದ್ದು “ಆತು” ಎನ್ನುವ ಒಂದೇ ಶಬ್ದ. ಹಸಿವಾದರೂ ಆತು, ನೋವಾದರೂ ಆತು, ಬೇಡ ಎನ್ನುವುದಕ್ಕೂ ಆತು.

ನಾನು ಅಂಗಡಿಗೆ ಬೀಗ ಹಾಕಿ ಸವದತ್ತಿಗೆ ಬಂದುಬಿಟ್ಟೆ. ಮಾತು ಕಲಿಸಲು ಬರುತ್ತಿದ್ದ ಡಾಕ್ಟರಮ್ಮ ಚಮಚ, ಬಾಚಣಿಗೆ, ಬೀಗ ಎಲ್ಲ ತೋರಿಸಿ ಹೆಸರು ಹೇಳಿಸಬೇಕೆಂದರು. ನಾನು ದಿನಾಲೂ ತೋರಿಸಿದೆ. ಚಮಚ ಹಿಡಿದು ನಿಂತ ನನ್ನ ಮುಖವನ್ನೇ ಅಕ್ಕ ನೋಡುತ್ತ ಕೂರುತ್ತಿದ್ದಳು. ಚಮಚ ಏನೆಂಬುದೇ ಮರೆತಿರಬೇಕು, ತಲೆಯೊಳಗೆ ಎಲ್ಲ ಅಳಿಸಿಹೋಗಿರಬೇಕು ಎಂದು ಒಳಗೊಳಗೇ ಅಂದುಕೊಂಡಿದ್ದೆ. ಹಾಗೆ ಅಂದುಕೊಳ್ಳುವುದರಲ್ಲಿ ಒಂದು ಸಮಾಧಾನವೂ ಇತ್ತು. ಏನು ಕಳೆದುಕೊಂಡಿದ್ದೇನೆಂದು ಅವಳಿಗೆ ತಿಳಿಯದಿದ್ದರೆ ದುಃಖವೂ ಅಷ್ಟಕ್ಕಷ್ಟೇ.

ಇಷ್ಟವಾದದ್ದನ್ನು ತೋರಿಸಿ ನೋಡಿ, ಒಮ್ಮೊಮ್ಮೆ ಅದರಿಂದ ಮಾತು ಹೊರಡುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದೇ ತಡ, ನನಗೆ ಹೂಲಿಯ ನೆನಪಾಯಿತು. ಶಿವರಾತ್ರಿ ಯಾವಾಗ ಮುಗಿದೀತೋ ಎಂದು ಕಾದೆ. ಓಣಿಯಲ್ಲಿ ಆಟೋ ಓಡಿಸುವ ಚಾಚಾ ಒಬ್ಬರಿದ್ದಾರೆ, ಅವರ ಮಗಳು ಅಕ್ಕನ ಹತ್ತಿರ ಕಲಿತವಳು. ಅವರನ್ನು ಕೇಳಿದೆ. “ಮೇಡಮ್ಮಾರನ್ನ ನಾ ಎತ್ತಿ ಕೂಡಸ್ತೇನ್ರಿ, ಚಿಂತಿ ಮಾಡಬ್ಯಾಡ್ರಿ” ಎಂದರು. ಹೊಂಡದ ಕಟ್ಟೆಯವರೆಗೂ ಅವರೇ ಅಕ್ಕನನ್ನು ಎತ್ತಿಕೊಂಡು ಬಂದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ದೂರ ಹೋಗಿ ನಿಂತರು.

ಪಾತರಗಿತ್ತಿಗಳು ಬೇಕಾದಷ್ಟಿದ್ದವು. ಅಕ್ಕನ ಕಣ್ಣು ಅವುಗಳ ಹಿಂದೆಯೇ ಓಡಾಡುತ್ತಿದ್ದುದನ್ನು ಕಂಡು ನನಗೆ ಜೀವ ಬಂದ ಹಾಗಾಯಿತು. ಅಷ್ಟರಲ್ಲಿ ಕಪ್ಪನೆಯದೊಂದು ಬಂದು ಎದುರಿನ ಲಂಟಾನದ ಹೂವಿನ ಮೇಲೆ ಕೂತಿತು. ಖುಷಿಯಲ್ಲಿ ನಾನು ಎಂದಿನ ಹಾಗೆ ತಪ್ಪೇ ಹೇಳಿದೆ.

“ಅಕ್ಕ, ನೋಡು, ಮಾರ್ಮನ್ ಬಂತು.”

ಅಕ್ಕ ಜೋರಾಗಿ ತಲೆ ಅಲ್ಲಾಡಿಸಿದಳು. ಎಡಗೈಯಿಂದ ನನ್ನ ಸೀರೆಯ ಸೆರಗನ್ನು ಹಿಡಿದೆಳೆದಳು. ಬಿದ್ದಾಳೆಂದು ನಾನು ಬಗ್ಗಿ ಹಿಡಿದುಕೊಂಡೆ. ಅವಳು ನನ್ನನ್ನು ದೂಡಿ, ಸೆರಗಿನ ಕೆಂಪು ಅಂಚಿನ ಮೇಲೆ ಬೆರಳಿಟ್ಟು ಒತ್ತಿದಳು. ಆಮೇಲೆ ಹೂವಿನ ಕಡೆ ತೋರಿಸಿದಳು. ಮತ್ತೆ ಅಂಚು, ಮತ್ತೆ ಹೂವು. ನಾನು ತಿರುಗಿ ನೋಡಿದೆ. ಪಾತರಗಿತ್ತಿಯ ಮೈ ಕೆಂಪಗಿತ್ತು.

ಅವಳಿಗೆ ಎಲ್ಲ ಗೊತ್ತಿತ್ತು. ಒಂದೂ ಅಳಿಸಿರಲಿಲ್ಲ. ಆ ಹೆಸರು ಹೇಳಬೇಕೆಂದು ಅವಳು ಬಾಯಿ ತೆರೆದಳು, ಕೊರಳಿನ ನರಗಳು ಉಬ್ಬಿದವು, ಹಣೆ ಬೆವರಿತು. ಬಂದದ್ದು “ಆತು”. ಮತ್ತೊಮ್ಮೆ ಪ್ರಯತ್ನಿಸಿದಳು. “ಆತು, ಆತು.” ತನ್ನ ಬಾಯಿಗೆ ತಾನೇ ಎಡಗೈಯಿಂದ ಹೊಡೆದುಕೊಳ್ಳತೊಡಗಿದಳು. ನಾನು ಕೈ ಹಿಡಿದುಕೊಂಡೆ. ಅಪ್ಪ ಸತ್ತಾಗಲೂ ಕಣ್ಣೀರು ಹಾಕದ ನನ್ನ ಅಕ್ಕ ಅವತ್ತು ಸಣ್ಣ ಮಗುವಿನ ಹಾಗೆ ಬಾಯಿ ಬಿಟ್ಟು ಅತ್ತಳು. ಚಾಚಾ ಆ ಕಡೆ ಮುಖ ತಿರುಗಿಸಿ ನಿಂತಿದ್ದರು.

ಚಮಚ, ಬಾಚಣಿಗೆ ಹಿಡಿದು ಅವಳ ಮುಂದೆ ನಿಲ್ಲುತ್ತಿದ್ದೆನಲ್ಲ, ಆಗೆಲ್ಲ ಅವಳ ಒಳಗೆ ಏನು ನಡೆದಿರಬೇಕು ಎಂದು ಆಟೋದಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ.

ಮರುದಿನದಿಂದ ಅಕ್ಕ ಪಾಠಕ್ಕೆ ಕೂರಲು ಒಪ್ಪಲಿಲ್ಲ. ಡಾಕ್ಟರಮ್ಮ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅವರೂ ಕೆಲವು ವಾರ ನೋಡಿ, ಬರುವ ಮಾತು ಇಷ್ಟರೊಳಗೆ ಬರಬೇಕಿತ್ತು ಎಂದು ಮೆಲ್ಲಗೆ ಹೇಳಿ ಬರುವುದನ್ನು ಬಿಟ್ಟರು. ಈಗ ಆತು ಎನ್ನುವುದೂ ಕಡಿಮೆಯಾಗಿದೆ. ಕುರ್ಚಿಯನ್ನು ಕಿಟಕಿಯ ಕಡೆಗೆ ಮಾಡಿದರೆ ಗೋಡೆಯ ಕಡೆ ತಿರುಗಿಸು ಎಂದು ಕೈಸನ್ನೆ ಮಾಡುತ್ತಾಳೆ. ನಾನು ತಿರುಗಿಸುತ್ತೇನೆ. ಹೊಲಿಗೆ ಮಷಿನ್ ಇಲ್ಲಿಗೇ ತರಿಸಿಕೊಂಡಿದ್ದೇನೆ. ಅದರ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ.

ಮೊನ್ನೆ ಹಿತ್ತಲಿನ ಕರಿಬೇವಿನ ಗಿಡದ ತುಂಬ ಹಸಿರು ಹುಳುಗಳಿದ್ದವು. ಯಾವ ಪಾತರಗಿತ್ತಿಯ ಮರಿ ಎಂದು ನೋಡಿದ ಕೂಡಲೇ ಗೊತ್ತಾಯಿತು, ಹೆಸರೂ ಬಾಯಿಗೆ ಬಂತು. ಒಳಗೆ ಅಕ್ಕ ಕೂತಿದ್ದಳು. ಹೇಳಲಿಲ್ಲ. ಒಗ್ಗರಣೆಗೆ ಬೇಕಾದಷ್ಟು ಎಲೆ ಹರಿದುಕೊಂಡು ಒಳಗೆ ಬಂದೆ.